ಬಂಜೆ ಎನ್ನುವ ಮುನ್ನ ಒಂದು ಪರೀಕ್ಷೆ

2021ರ ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ಒಂದು ಕುಬಸ ನಡೆಯಿತು. ಅಣ್ಣನ ಮಗಳು ಚೊಚ್ಚಲ ಬಸುರಿ. ಓಣಿಯ ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಉಡಿ ತುಂಬುತ್ತಿದ್ದರು. ಅಣ್ಣನ ಸೊಸೆಯೂ ಅಕ್ಕಿ, ತೆಂಗಿನಕಾಯಿ, ಖಣ ಇಟ್ಟುಕೊಂಡ ತಾಟು ಹಿಡಿದು ತನ್ನ ಸರತಿಗೆ ನಿಂತಿದ್ದಳು. ಹಿರಿಯ ಹೆಂಗಸೊಬ್ಬರು, "ನೀ ಸ್ವಲ್ಪ ಆಚಿಗೆ ನಿಲ್ಲವ್ವಾ, ಮಕ್ಕಳಾದವರು ಮೊದಲು ತುಂಬಲಿ" ಎಂದರು. ಗದರಿಸಿ ಹೇಳಿದ್ದಲ್ಲ, ಮೆಲ್ಲಗೆ ಹೇಳಿದ್ದು. ಆಕೆ ತಾಟನ್ನು ಕೆಳಗಿಟ್ಟು ಒಳಗೆ ಹೋದಳು. ದೀಪ ಹಚ್ಚುವ ಹೊತ್ತಿನವರೆಗೂ ಹೊರಗೆ ಬರಲಿಲ್ಲ.

ಆಕೆ ಇಂಡಿ ತಾಲ್ಲೂಕಿನ ಹುಡುಗಿ. ಅಕ್ಕಲಕೋಟ ತಾಲ್ಲೂಕಿನ ನಮ್ಮ ಮನೆಗೆ ಸೊಸೆಯಾಗಿ ಬಂದು ಆಗ ಆರು ವರ್ಷ. ಗಡಿಯ ಈಚೆಗೆ ಹೆಣ್ಣು ತರುವುದು, ಆಚೆಗೆ ಹೆಣ್ಣು ಕೊಡುವುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ರೂಢಿ. ಆ ಆರು ವರ್ಷಗಳಲ್ಲಿ ಗಾಣಗಾಪುರಕ್ಕೆ ಹೋಗಿ ಬಂದಿದ್ದರು, ಸೊಲ್ಲಾಪುರದ ಸಿದ್ಧರಾಮೇಶ್ವರನಿಗೆ ಹರಕೆ ಹೊತ್ತಿದ್ದರು, ಬೇರಿನ ಔಷಧಿ ಕೊಡುವವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಎರಡು ದವಾಖಾನೆಗಳಲ್ಲಿ ಆಕೆಯ ರಕ್ತ ತೆಗೆದಿದ್ದರು, ಸೋನೋಗ್ರಫಿ ಮಾಡಿಸಿದ್ದರು. ಎಲ್ಲ ಕಡೆಗೂ "ದೋಷವೇನೂ ಕಾಣುವುದಿಲ್ಲ" ಎಂಬ ಉತ್ತರವೇ ಬಂದಿತ್ತು.

ಕುಬಸದ ರಾತ್ರಿ ಊಟವಾದ ಮೇಲೆ ವೈನಿ ಮಾತು ತೆಗೆದರು. "ಎಷ್ಟು ದಿವಸ ಕಾಯೋದು? ಹುಡುಗಗ ಇನ್ನೊಂದು ನೋಡೋಣು." ಅಣ್ಣ ತಲೆ ತಗ್ಗಿಸಿ ಕುಳಿತಿದ್ದ. ಹೆಂಡತಿ ಇರುವಾಗ ಇನ್ನೊಂದು ಮದುವೆ ಮಾಡಿದರೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಅದು ಮದುವೆಯೇ ಆಗುವುದಿಲ್ಲ, ಮೇಲೆ ಅಪರಾಧವೂ ಹೌದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಹೊರಟದ್ದು ಬೇರೆ ಪ್ರಶ್ನೆ.

"ವೈನಿ, ಹುಡುಗನ ತಪಾಸಣಿ ಆಗ್ಯಾದೇನು?"

ಯಾರೂ ಉತ್ತರ ಕೊಡಲಿಲ್ಲ. ಆರು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಮನೆಯವರೂ ಕೇಳಿರಲಿಲ್ಲ, ಔಷಧಿ ಕೊಟ್ಟವರೂ ಕೇಳಿರಲಿಲ್ಲ.

ಮನೆಯವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಮುಂದೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಅಡತಿ ಅಂಗಡಿಯವನು. ಮಾಲು ಪರೀಕ್ಷಿಸದೆ ಧಾರಣೆ ಹೇಳುವ ರೂಢಿ ನಮ್ಮ ಬಾಜಾರಿನಲ್ಲಿ ಇಲ್ಲ. ಸಂಸಾರದ ವಿಷಯದಲ್ಲಿ ಮಾತ್ರ ನಾವು ಪರೀಕ್ಷೆ ಇಲ್ಲದೆಯೇ ಹೆಣ್ಣುಮಗಳ ಮೇಲೆ ತೀರ್ಪು ಬರೆದುಬಿಡುತ್ತೇವೆ.

ಗಂಡಸಿನ ಪರೀಕ್ಷೆ ಮೊದಲು

ಅಣ್ಣನ ಮಗನನ್ನು ಒಪ್ಪಿಸಲು ಮೂರು ವಾರ ಹಿಡಿಯಿತು. "ಕಾಕಾ, ಜನ ಏನಂದಾರು?" ಎಂಬುದೊಂದೇ ಅವನ ಮಾತು. ಕೊನೆಗೆ ಅಂಗಡಿಯ ಕೆಲಸವೆಂದು ಮನೆಯಲ್ಲಿ ಹೇಳಿ ಇಬ್ಬರೂ ಸೊಲ್ಲಾಪುರದ ಬಸ್ಸು ಹತ್ತಿದೆವು.

ಪರೀಕ್ಷೆ ಬಹಳ ಸರಳವಾದದ್ದು. ಎರಡರಿಂದ ಏಳು ದಿನ ಗಂಡ ಹೆಂಡಿರು ದೂರವಿದ್ದು, ಆಮೇಲೆ ಗಂಡಸು ತನ್ನ ವೀರ್ಯವನ್ನು ಶುದ್ಧವಾದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕೊಡಬೇಕು. ಸೂಜಿಯಿಲ್ಲ, ನೋವಿಲ್ಲ. ಹೆಂಗಸಿಗೆ ಮಾಡುವ ಪರೀಕ್ಷೆಗಳ ಪಕ್ಕದಲ್ಲಿಟ್ಟರೆ ಖರ್ಚೂ ಅತಿ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುಗಳ ಸಂಖ್ಯೆ, ಓಟ, ಆಕಾರ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರಿನಲ್ಲಿ 1 ಕೋಟಿ 60 ಲಕ್ಷ ವೀರ್ಯಾಣು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆಯಾದರೆ ಮಕ್ಕಳೇ ಆಗುವುದಿಲ್ಲವೆಂದಲ್ಲ, ಕಷ್ಟವಾಗುತ್ತದೆ ಎಂದರ್ಥ. ನಮ್ಮ ಹುಡುಗನ ಲೆಕ್ಕ ಬಂದದ್ದು 30 ಲಕ್ಷ. ಅದರಲ್ಲಿಯೂ ಸರಿಯಾಗಿ ಓಡುವಂಥವು ಕೆಲವೇ.

ಕಾಗದ ಕೈಗೆ ಬಂದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ಹೇಳಿದ್ದು ಒಂದೇ ಮಾತು: "ಕಾಕಾ, ಆರು ವರ್ಷ ಅಕಿ ಸುಮ್ನ ಬೈಸ್ಕೊಂಡ್ಳು."

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕೊರತೆ ಒಂದೋ ಪೂರ್ತಿ ಕಾರಣ, ಇಲ್ಲವೆ ಭಾಗಶಃ ಕಾರಣ. ವೃಷಣದ ರಕ್ತನಾಳ ಉಬ್ಬಿರುವುದು, ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣಕ್ಕೆ ಇಳಿದಿರುವುದು, ತಂಬಾಕು, ಅತಿಯಾದ ಕಾವಿನಲ್ಲಿ ಕೆಲಸ, ಮೈ ಬೆಳೆಸಲೆಂದು ಗಂಡು ಹಾರ್ಮೋನಿನ ಸೂಜಿ ಚುಚ್ಚಿಸಿಕೊಳ್ಳುವುದು, ಇವೆಲ್ಲ ವೀರ್ಯಾಣುಗಳನ್ನು ಕುಗ್ಗಿಸುತ್ತವೆ. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಇನ್ನೊಂದು ಮಾತು ನೆನಪಿಡಬೇಕು. ಗಂಡಸುತನ ಬೇರೆ, ವೀರ್ಯಾಣುಗಳ ಲೆಕ್ಕ ಬೇರೆ. ಗಟ್ಟಿಮುಟ್ಟಾಗಿ ಹೊಲ ಗೇಯುವವನಲ್ಲೂ ವೀರ್ಯಾಣು ಕಡಿಮೆ ಇರಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳ ಮೇಲೆ ಬೇಕು. ಆದ್ದರಿಂದ ವೈದ್ಯರು ತಂಬಾಕು ಬಿಡಿಸಿ, ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿದರು. ಲೆಕ್ಕ ಹೆಚ್ಚೇನೂ ಏರಲಿಲ್ಲ. ಇಷ್ಟು ಕಡಿಮೆ ಇದ್ದವರಲ್ಲಿ ಕೆಲವರಿಗೆ ವಂಶವಾಹಿಯ ದೋಷ ಇರುತ್ತದೆ, ಅದು ಗಂಡು ಮಗುವಿಗೂ ಇಳಿಯಬಹುದು ಎಂದು ರಕ್ತದ ಒಂದು ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ತೊಂದರೆ ಕಾಣಲಿಲ್ಲ. ಸೊಸೆಯ ಅಂಡನಾಳಗಳು ತೆರೆದಿದ್ದವು. ಅಂಡಾಶಯದ ಶಕ್ತಿಯೂ ಆಕೆಯ 29ರ ವಯಸ್ಸಿಗೆ ತಕ್ಕಂತಿತ್ತು.

ಎಲ್ಲರಿಗೂ ಇದೇ ದಾರಿಯಲ್ಲ

ಮಕ್ಕಳಾಗಲಿಲ್ಲ ಎಂದ ಕೂಡಲೇ ಪ್ರನಾಳ ಶಿಶು ಚಿಕಿತ್ಸೆಗೆ ಹೋಗಬೇಕಾಗಿಲ್ಲ. ಒಂದು ವರ್ಷ ಕೂಡಿ ಬಾಳಿಯೂ ಗರ್ಭ ನಿಲ್ಲದಿದ್ದರೆ ತಪಾಸಣೆ ಶುರು ಮಾಡಬೇಕು. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ ಶುರು ಮಾಡಬೇಕು. ಅಂಡಾಣು ಸರಿಯಾಗಿ ಬಿಡುಗಡೆಯಾಗದವರಿಗೆ ಗುಳಿಗೆಯಿಂದಲೇ ಗುಣ ಕಾಣಬಹುದು. ವೀರ್ಯ ಸ್ವಲ್ಪವೇ ಕಡಿಮೆ ಇದ್ದರೆ ಅದನ್ನು ತೊಳೆದು ಸೋಸಿ ನೇರವಾಗಿ ಗರ್ಭಕೋಶಕ್ಕೆ ಬಿಡುವ ಸರಳ ಚಿಕಿತ್ಸೆ ಇದೆ. ಇವೆಲ್ಲ ಫಲ ಕೊಡದಾಗ, ಇಲ್ಲವೇ ಎರಡೂ ಅಂಡನಾಳ ಮುಚ್ಚಿಕೊಂಡಾಗ, ವೀರ್ಯಾಣು ತೀರಾ ಕಡಿಮೆ ಇದ್ದಾಗ ದೊಡ್ಡ ಚಿಕಿತ್ಸೆಯ ಮಾತು ಬರುತ್ತದೆ. ನಮ್ಮ ದೇಶದಲ್ಲಿ ಅಂಡನಾಳ ಮುಚ್ಚಲು ಕ್ಷಯರೋಗವೂ ಒಂದು ದೊಡ್ಡ ಕಾರಣ. ಕೆಮ್ಮೇ ಇಲ್ಲದೆ ಕ್ಷಯ ಅಲ್ಲಿ ಮನೆ ಮಾಡಿರಬಹುದು.

ನಮ್ಮ ಹುಡುಗನ ಲೆಕ್ಕಕ್ಕೆ ದೊಡ್ಡ ಚಿಕಿತ್ಸೆಯೇ ಸರಿ ಎಂದು ವೈದ್ಯರು ಹೇಳಿದರು.

ಓಲ್ಡಮ್, ಕಲ್ಕತ್ತ, ಮುಂಬಯಿ

ನಮ್ಮ ಕಡೆ ಇದಕ್ಕೆ "ಟೆಸ್ಟ್ ಟ್ಯೂಬ್ ಬೇಬಿ" ಎಂದೇ ಹೆಸರು. ಮಗು ಒಂಬತ್ತು ತಿಂಗಳೂ ಗಾಜಿನ ಕೊಳವೆಯಲ್ಲಿ ಬೆಳೆಯುತ್ತದೆ ಎಂದು ನಂಬಿದವರು ನಮ್ಮ ಮನೆಯಲ್ಲೇ ಇದ್ದರು. ನಿಜದಲ್ಲಿ ಹೊರಗಿರುವುದು ಮೂರರಿಂದ ಐದಾರು ದಿನ ಮಾತ್ರ, ಅದೂ ಕೊಳವೆಯಲ್ಲಲ್ಲ, ಚಪ್ಪಟೆಯಾದ ಚಿಕ್ಕ ತಟ್ಟೆಯಲ್ಲಿ. ಉಳಿದದ್ದೆಲ್ಲ ತಾಯಿಯ ಹೊಟ್ಟೆಯಲ್ಲಿಯೇ.

ಈ ವಿಧಾನದಿಂದ ಹುಟ್ಟಿದ ಜಗತ್ತಿನ ಮೊದಲ ಮಗು ಲೂಯಿಸ್ ಬ್ರೌನ್. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡಮ್ ಪಟ್ಟಣದಲ್ಲಿ ಜನನ. ಆಕೆಯ ತಾಯಿಯ ಅಂಡನಾಳಗಳು ಮುಚ್ಚಿದ್ದವು. ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ವೈದ್ಯ ಪ್ಯಾಟ್ರಿಕ್ ಸ್ಟೆಪ್ಟೋ, ಭ್ರೂಣಗಳನ್ನು ನೋಡಿಕೊಂಡ ಜೀನ್ ಪರ್ಡಿ ಎಂಬ ನರ್ಸ್, ಮೂವರ ವರ್ಷಗಳ ದುಡಿಮೆಯ ಫಲ ಅದು. ಎಡ್ವರ್ಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂತು. ಮಿಕ್ಕಿಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು.

ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ಇನ್ನೊಂದು ಹೆಣ್ಣು ಮಗು ಹುಟ್ಟಿತು. ದುರ್ಗಾ ಎಂದು ಕರೆದರು. ಡಾ. ಸುಭಾಷ್ ಮುಖರ್ಜಿ ಅವರು ಭ್ರೂಣವನ್ನು ಶೀತದಲ್ಲಿ ಕಾಪಿಟ್ಟು, ಆಮೇಲೆ ಗರ್ಭಕ್ಕೆ ಸೇರಿಸಿ ಸಾಧಿಸಿದ್ದು ಇದು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರಲ್ಲಿ ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. ಅದೇ ಜೂನ್ 19ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

ಸರ್ಕಾರಿ ದಾಖಲೆಯ ಪ್ರಕಾರ ಭಾರತದ ಮೊದಲ ಪ್ರನಾಳ ಶಿಶು ಎನಿಸಿದ್ದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1986ರ ಆಗಸ್ಟ್ 6ರಂದು ಹುಟ್ಟಿದ ಹರ್ಷಾ. ಡಾ. ಇಂದಿರಾ ಹಿಂದೂಜಾ ಮತ್ತು ವಿಜ್ಞಾನಿ ಡಾ. ಟಿ.ಸಿ. ಆನಂದಕುಮಾರ್ ಅವರ ಸಾಧನೆ ಅದು. ಇಲ್ಲಿ ಮೆಚ್ಚಬೇಕಾದ ಸಂಗತಿಯೊಂದಿದೆ. ಮುಖರ್ಜಿಯವರ ಹಳೆಯ ಟಿಪ್ಪಣಿಗಳನ್ನು ಓದಿ ನೋಡಿದ ಆನಂದಕುಮಾರ್, ಮೊದಲ ಕೀರ್ತಿ ತಮ್ಮದಲ್ಲ, ಅವರದು ಎಂದು 1997ರಲ್ಲಿ ಬರೆದರು. ಅದು ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ತನ್ನ ಹೆಸರಿನ ಮೇಲಿದ್ದ ಮೊದಲ ಸ್ಥಾನವನ್ನು ತೀರಿಹೋದವರಿಗೆ ಬಿಟ್ಟುಕೊಡುವ ಮನಸ್ಸು ಎಲ್ಲರಿಗೂ ಇರುವುದಿಲ್ಲ.

ಹೆಂಗಸಿನ ನಾಳದ ಅಡ್ಡಿಯನ್ನು ದಾಟಲು ಹುಟ್ಟಿದ ಚಿಕಿತ್ಸೆ 1992ರಲ್ಲಿ ಗಂಡಸಿನ ಕೊರತೆಗೂ ಒದಗಿತು. ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ಒಂದೇ ಒಂದು ವೀರ್ಯಾಣುವನ್ನು ಕೂದಲಿಗಿಂತ ಸಣ್ಣ ಸೂಜಿಯಿಂದ ಅಂಡಾಣುವಿನೊಳಗೆ ಇಡುವ ವಿಧಾನ ಕೈಗೂಡಿತು. ಇದಕ್ಕೆ 'ಇಕ್ಸಿ' ಎನ್ನುತ್ತಾರೆ. ಕೋಟಿಗಟ್ಟಲೆ ವೀರ್ಯಾಣು ಇಲ್ಲದಿದ್ದರೂ ಅಂಡಾಣು ಎಷ್ಟೋ ಅಷ್ಟು ಒಳ್ಳೆಯ ವೀರ್ಯಾಣು ಸಿಕ್ಕರೆ ಸಾಕು. ನಮ್ಮ ಹುಡುಗನಿಗೆ ಆಸೆ ಹುಟ್ಟಿಸಿದ್ದು ಇದೇ.

ನಡೆಯುವುದು ಹೀಗೆ

ಸಹಜವಾಗಿ ತಿಂಗಳಿಗೆ ಒಂದು ಅಂಡಾಣು ಬಲಿತು ಅಂಡಾಶಯದಿಂದ ಹೊರಬೀಳುತ್ತದೆ. ಅಂಡನಾಳದಲ್ಲಿ ವೀರ್ಯಾಣು ಕೂಡಿದರೆ ಭ್ರೂಣವಾಗಿ, ಐದಾರು ದಿನಕ್ಕೆ ಗರ್ಭಕೋಶ ಮುಟ್ಟಿ ಅಲ್ಲಿ ಬೇರೂರುತ್ತದೆ. ಚಿಕಿತ್ಸೆಯಲ್ಲಿ ಒಂದರ ಬದಲು ಹಲವು ಅಂಡಾಣು ಬಲಿಯುವಂತೆ ಮಾಡಿ, ಕೂಡಿಸುವ ಕೆಲಸವನ್ನು ಹೊರಗೆ ಮಾಡುತ್ತಾರೆ.

2022ರ ಜುಲೈಯಲ್ಲಿ ಸೊಸೆಯ ಮುಟ್ಟಿನ ಎರಡನೇ ದಿನ ಸೂಜಿಗಳು ಶುರುವಾದವು. ದಿನಾ ಒಂದು ಸೂಜಿ, ಹೊಟ್ಟೆಯ ಚರ್ಮದ ಕೆಳಗೆ. ಇದು ಎಂಟರಿಂದ ಹದಿನಾಲ್ಕು ದಿನದವರೆಗೆ ಹೋಗಬಹುದು, ಆಕೆಗೆ ಹತ್ತು ದಿನ ಹೋಯಿತು. ನಡುನಡುವೆ ಸೋನೋಗ್ರಫಿ ಮಾಡಿ ಅಂಡಕೋಶದ ಗುಳ್ಳೆಗಳು ಎಷ್ಟು ದೊಡ್ಡವಾದವು ಎಂದು ಅಳೆಯುತ್ತಾರೆ. ಅವು 17-18 ಮಿಲಿಮೀಟರ್ ಮುಟ್ಟಿದಾಗ ಕೊನೆಯ ಸೂಜಿ. ಅಂಡಾಣುವನ್ನು ಪೂರ್ತಿ ಹದಕ್ಕೆ ತರುವ ಸೂಜಿ ಅದು. ಅದಾದ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಬೇಕು. ಬೇಗ ತೆಗೆದರೆ ಬಲಿತಿರುವುದಿಲ್ಲ, ತಡವಾದರೆ ಒಡೆದು ಹೋಗಿರುತ್ತವೆ.

ಇಲ್ಲಿ ನಮಗೆ ಗಡಿಯ ತೊಡಕು ಎದುರಾಯಿತು. ನರ್ಸಮ್ಮ ಮರಾಠಿಯಲ್ಲಿ "ಸಾಡೇ ದಹಾ" ಎಂದರು. ಬಾಜಾರಿನಲ್ಲಿರುವ ನಮಗೆ ದೀಡ್, ಅಡೀಚ್, ಪಾವ್ಣೇ, ಸಾಡೇ ಎಲ್ಲ ಹಾಲು ಕುಡಿದಷ್ಟು ಸಲೀಸು. ಇಂಡಿಯ ಕಡೆಯ ಹುಡುಗಿಗೆ ಅದು ಹತ್ತೋ, ಹತ್ತೂವರೆಯೋ, ಒಂಬತ್ತೂವರೆಯೋ? ನಾನು ಗೋಡೆಯ ಪಂಚಾಂಗದ ಮೇಲೆ ಅಂಕಿಯಲ್ಲಿ ಬರೆಸಿದೆ: ಸೋಮವಾರ ರಾತ್ರಿ 10-30. ಅಂಡಾಣು ತೆಗೆಯುವುದು ಬುಧವಾರ ಬೆಳಿಗ್ಗೆ 10. ಇಂಥ ಚಿಕಿತ್ಸೆಗೆ ಹೋಗುವ ನಮ್ಮ ಕಡೆಯವರು ಹೊತ್ತನ್ನು ಕಿವಿಯಲ್ಲಿ ಕೇಳಿ ಬಿಡದೆ ಕಾಗದದ ಮೇಲೆ ಅಂಕಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಬುಧವಾರ ಅರೆಮಂಪರಿನ ಮದ್ದು ಕೊಟ್ಟು, ಸೋನೋಗ್ರಫಿ ನೋಡುತ್ತಾ, ಯೋನಿಮಾರ್ಗದ ಮೂಲಕ ಸೂಜಿಯಿಂದ ಗುಳ್ಳೆಗಳ ನೀರನ್ನು ಹೀರಿದರು. ಹೊಟ್ಟೆ ಕೊಯ್ಯುವುದಿಲ್ಲ. ಅರ್ಧ ಗಂಟೆಯೊಳಗೆ ಮುಗಿಯಿತು, ಸಂಜೆ ಮನೆಗೆ ಬಂದೆವು. ಸಿಕ್ಕ ಅಂಡಾಣು 11. ಅದರಲ್ಲಿ ಬಲಿತವು 9. ಒಂದೊಂದಕ್ಕೆ ಒಂದೊಂದು ವೀರ್ಯಾಣು ಸೇರಿಸಿದರು. ಮರುದಿನ ನೋಡಿದಾಗ ಕೂಡಿದ್ದವು 6. ದೇಹದ ಕಾವಿನಷ್ಟೇ, ಅಂದರೆ 37 ಡಿಗ್ರಿ ಕಾವಿನ ಪೆಟ್ಟಿಗೆಯಲ್ಲಿಟ್ಟು ಬೆಳೆಸಿದರು. ಐದನೇ ದಿನಕ್ಕೆ ಚೆನ್ನಾಗಿ ಬೆಳೆದು ಉಳಿದವು 3.

ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲ, ಮೊಳೆತದ್ದೆಲ್ಲ ತೆನೆಯಾಗುವುದಿಲ್ಲ ಎಂಬುದು ಒಕ್ಕಲಿಗನಿಗೆ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ದವಾಖಾನೆಯಲ್ಲಿ "ಹನ್ನೊಂದು ಸಿಕ್ಕವು" ಎಂದಾಗ ಹನ್ನೊಂದು ಮಕ್ಕಳು ಸಿಕ್ಕಷ್ಟು ಹಿಗ್ಗಿ, "ಮೂರು ಉಳಿದವು" ಎಂದಾಗ ಕುಸಿದವರು ನಾವೇ. ಈ ಇಳಿತ ಸಹಜ ಎಂದು ಮೊದಲೇ ತಿಳಿದಿರಬೇಕು.

ಆ ಮೂರರಲ್ಲಿ ಒಂದನ್ನು ತೆಳ್ಳನೆಯ ನಳಿಕೆಯಿಂದ ಗರ್ಭಕೋಶಕ್ಕೆ ಬಿಟ್ಟರು. ಇದಕ್ಕೆ ಮಂಪರೂ ಬೇಕಿಲ್ಲ. ಎರಡನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ಕಾಪಿಟ್ಟರು. ಈ ಡಬ್ಬಿ ನೋಡಿ ನನಗೆ ಗುರುತು ಹತ್ತಿತು. ದನದ ದವಾಖಾನೆಯವರು ಆಕಳಿಗೆ ಕೃತಕ ಗರ್ಭಧಾರಣೆ ಮಾಡಲು ವೀರ್ಯದ ಕಡ್ಡಿಗಳನ್ನು ತರುವುದು ಹೊಗೆಯಾಡುವ ಇಂಥದೇ ಡಬ್ಬಿಯಲ್ಲಿ. ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಲ್ಲಿ 1990ರಲ್ಲೇ ಪ್ರನಾಳ ವಿಧಾನದಿಂದ ಎಮ್ಮೆ ಕರು ಹುಟ್ಟಿಸಿದ್ದಾರೆ. ಕೊಟ್ಟಿಗೆಯಲ್ಲಿ ಒಪ್ಪಿಕೊಂಡ ವಿಜ್ಞಾನವನ್ನು ನಾವು ಮನೆಯೊಳಗೆ ಬಿಟ್ಟುಕೊಳ್ಳಲು ಹಿಂಜರಿಯುತ್ತೇವೆ.

ಭ್ರೂಣ ಬಿಟ್ಟ ಮೇಲೆ ಹಾಸಿಗೆ ಹಿಡಿದು ಮಲಗಬೇಕಿಲ್ಲ, ಮನೆಯ ಹಗುರ ಕೆಲಸ ಮಾಡಬಹುದು ಎಂದರು ವೈದ್ಯರು. ಗರ್ಭ ನಿಲ್ಲಲು ನೆರವಾಗುವ ಹಾರ್ಮೋನಿನ ಔಷಧಿ ಮಾತ್ರ ತಪ್ಪಿಸಬಾರದು. ಹನ್ನೆರಡನೇ ದಿನ ರಕ್ತ ಪರೀಕ್ಷೆ ಮಾಡಿದರು. ಗರ್ಭ ನಿಂತಿರಲಿಲ್ಲ.

ಬರಿಗೈಯ ದಿನ

ಆ ದಿನ ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದಾಗ ವೈನಿ ಬಾಗಿಲಲ್ಲೇ ನಿಂತಿದ್ದರು. ಅಣ್ಣನ ಮಗ ಚಪ್ಪಲಿ ಬಿಡುವ ಮೊದಲೇ ಹೇಳಿದ: "ಅವ್ವಾ, ಅಕಿಗೇನೂ ಅನಬ್ಯಾಡ. ಕಡಿಮಿ ಇರೋದು ನನ್ನಾಗ." ಆರು ವರ್ಷ ಹೇಳದ ಮಾತನ್ನು ಅವನು ಓಣಿಗೆ ಕೇಳುವಂತೆ ಹೇಳಿದ. ನನ್ನ ದೃಷ್ಟಿಯಲ್ಲಿ ಈ ಚಿಕಿತ್ಸೆಯ ಅತಿ ದೊಡ್ಡ ಹೆಜ್ಜೆ ಅದು. ಮಗು ಆಗಲಿ ಬಿಡಲಿ, ಎರಡನೇ ಮದುವೆಯ ಮಾತು ಅಂದಿಗೆ ಮುಗಿಯಿತು.

ಬಯಲಾಟದ ಡಂಗುರದಂತೆ "ನೂರಕ್ಕೆ ನೂರು ಗ್ಯಾರಂಟಿ" ಎಂದು ಬೋರ್ಡು ಹಾಕಿಕೊಂಡ ಒಂದು ಕೇಂದ್ರಕ್ಕೂ ನಾವು ಮೊದಲು ಹೋಗಿ ಬಂದಿದ್ದೆವು. ಅಲ್ಲಿ ಗಂಡನ ಕಾಗದ ನೋಡುವ ಮೊದಲೇ ಮುಂಗಡ ಎಷ್ಟು ಕಟ್ಟುತ್ತೀರಿ ಎಂದು ಕೇಳಿದ್ದರಿಂದ ಎದ್ದು ಬಂದೆವು. ಈ ಚಿಕಿತ್ಸೆಗೆ ಯಾರೂ ಗ್ಯಾರಂಟಿ ಕೊಡಲಾರರು. ಲೆಕ್ಕವನ್ನು ಕಟ್ಟುನಿಟ್ಟಾಗಿ ಇಡುವ ಬ್ರಿಟನ್ನಿನಲ್ಲಿಯೇ 35ರ ಒಳಗಿನ ಹೆಂಗಸಿಗೆ ಒಂದು ಭ್ರೂಣ ಬಿಟ್ಟರೆ ಮಗು ಹುಟ್ಟುವುದು ಮೂರರಲ್ಲಿ ಒಂದು ಸಲದ ಆಸುಪಾಸು. 43-44ರ ವಯಸ್ಸಿನಲ್ಲಿ ತನ್ನದೇ ಅಂಡಾಣುವಿನಿಂದ ನೂರಕ್ಕೆ ಸುಮಾರು 5. ವಯಸ್ಸಾದಂತೆ ಅಂಡಾಣುವಿನ ಸಂಖ್ಯೆಯೂ ಗುಣವೂ ಇಳಿಯುತ್ತವೆ, ಯಾವ ಸೂಜಿಯೂ ಅದನ್ನು ಹಿಂದಕ್ಕೆ ತರದು. ಹರಕೆ, ಬೇರು, ನಾಟಿ ಮದ್ದು ಎಂದು ಹತ್ತು ವರ್ಷ ಕಳೆದು 40ಕ್ಕೆ ಬಂದವರಿಗೆ ವೈದ್ಯರೂ ಹೆಚ್ಚೇನೂ ಮಾಡಲಾರರು. ದೇವರಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಹೋಗುವ ದಾರಿಯಲ್ಲೇ ಪ್ರಯೋಗಾಲಯವೂ ಇದೆ ಎನ್ನುತ್ತೇನೆ.

ಅಪಾಯಗಳೂ ಇವೆ. ಸೂಜಿಯಿಂದ ಅಂಡಾಶಯ ಅತಿಯಾಗಿ ಉಬ್ಬಿ, ಹೊಟ್ಟೆ ಬಿಗಿದು, ಒಮ್ಮೆಗೇ ತೂಕ ಏರಿ, ಉಸಿರು ಕಟ್ಟಿ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯದೆ ದವಾಖಾನೆಗೆ ಓಡಬೇಕು. "ಎರಡು ಮೂರು ಭ್ರೂಣ ಒಟ್ಟಿಗೇ ಬಿಡ್ರಿ, ಒಂದೇ ಖರ್ಚಿನಾಗ ಜೋಡಿ ಆಗ್ಲಿ" ಎಂದು ಕೇಳುವವರಿದ್ದಾರೆ. ಅವಳಿ ತ್ರಿವಳಿ ಬಸಿರಿನಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ತೂಕವಿಲ್ಲದ ಕೂಸು, ತಾಯಿಗೆ ರಕ್ತದೊತ್ತಡ ಹೆಚ್ಚು. ಅದು ಉಳಿತಾಯವಲ್ಲ.

ಸಹಿ ಮಾಡುವ ಮುನ್ನ

ಈ ಚಿಕಿತ್ಸೆಗೆಂದೇ ಕೇಂದ್ರ ಸರ್ಕಾರ 2021ರಲ್ಲಿ ಕಾಯ್ದೆ ಮಾಡಿತು, 2022ರ ಜನವರಿ 25ರಿಂದ ಜಾರಿಗೆ ಬಂತು. ಗಡಿಯ ಯಾವ ಮಗ್ಗುಲಲ್ಲಿದ್ದರೂ ನಮಗೆಲ್ಲ ಅದೊಂದೇ ಕಾಯ್ದೆ. ಹೆಂಗಸಿಗೆ 21ರ ಮೇಲೆ 50ರ ಒಳಗೆ, ಗಂಡಸಿಗೆ 21ರ ಮೇಲೆ 55ರ ಒಳಗೆ ವಯಸ್ಸಿರಬೇಕು. ಕೇಂದ್ರ ನೋಂದಣಿಯಾಗಿರಬೇಕು, ಆ ಪತ್ರವನ್ನು ಕೇಳಿ ನೋಡಿ. ಗೆಲ್ಲುವ ಸಾಧ್ಯತೆ, ತೊಂದರೆ, ಖರ್ಚು ಎಲ್ಲವನ್ನೂ ಮೊದಲೇ ತಿಳಿಸಿ ಹೇಳುವುದು ಅವರ ಹೊಣೆ. ಬರಹದ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಮಾಡುವಂತಿಲ್ಲ. ಭ್ರೂಣವನ್ನು ಹತ್ತು ವರ್ಷದವರೆಗೆ ಕಾಪಿಡಬಹುದು. ಗಂಡೋ ಹೆಣ್ಣೋ ಎಂದು ಆರಿಸಿ ಬಿಡುವುದು ಅಪರಾಧ. "ಗಂಡು ಮಾಡಿ ಕೊಡ್ತೀವಿ" ಎನ್ನುವವರ ಬಾಗಿಲಿನಿಂದಲೇ ಹಿಂದಿರುಗಬೇಕು.

ನಮ್ಮ ಮುಂದೆ ಇಟ್ಟ ಒಪ್ಪಿಗೆಯ ಕಾಗದ ಇಂಗ್ಲಿಷಿನಲ್ಲಿತ್ತು, ಬಾಯಲ್ಲಿ ವಿವರಿಸಿದ್ದು ಮರಾಠಿಯಲ್ಲಿ. ಸೊಸೆ ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೆಯವರೆಗೆ. "ಸಣ್ಣ ಮಾವಾರ, ಎಲ್ಲಿ ಸಹಿ ಮಾಡ್ಲಿರಿ?" ಎಂದಳು. ನಾನು ಪೆನ್ನು ಹಿಡಿದ ಕೈಯನ್ನು ತಡೆದೆ. ಅಲ್ಲಿ ಅಕ್ಕಲಕೋಟ ಕಡೆಯ ಒಬ್ಬ ನರ್ಸ್ ಕನ್ನಡ ಬಲ್ಲವಳು. ಆಕೆ ಮುಕ್ಕಾಲು ಗಂಟೆ ಕುಳಿತು ಸಾಲುಸಾಲಾಗಿ ಹೇಳಿದಳು: ಎಷ್ಟು ಭ್ರೂಣ ಬಿಡುತ್ತಾರೆ, ಉಳಿದದ್ದಕ್ಕೆ ವರ್ಷಕ್ಕೆ ಎಷ್ಟು ಬಾಡಿಗೆ, ಗಂಡ ಹೆಂಡಿರಲ್ಲಿ ಒಬ್ಬರು ಇಲ್ಲವಾದರೆ ಭ್ರೂಣದ ಗತಿ ಏನು, ಬೇರೆಯವರ ಅಂಡಾಣು ವೀರ್ಯಾಣು ಬಳಸಲು ನಿಮ್ಮ ಒಪ್ಪಿಗೆ ಇದೆಯೋ ಇಲ್ಲವೋ. ಕೊನೆಯ ಸಾಲಿಗೆ ಗಂಡ ಹೆಂಡತಿ ಇಬ್ಬರೂ "ಇಲ್ಲ" ಎಂದರು, ಹಾಗೆಯೇ ಬರೆಸಿದರು. ಓದದೆ ಸಹಿ ಮಾಡಿದ್ದರೆ ಆ ಸಾಲು ಅಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಕಾಸರಗೋಡಿನವರು ಮಲಯಾಳದಲ್ಲಿ, ಹೊಸೂರಿನವರು ತಮಿಳಿನಲ್ಲಿ, ಆದವಾನಿಯವರು ತೆಲುಗಿನಲ್ಲಿ ಇದೇ ಕಾಗದದ ಮುಂದೆ ಕುಳಿತಿರುತ್ತಾರೆ. ಹೊಲದ ಖರೀದಿ ಪತ್ರವನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತದವರು ನಾವು. ಇಲ್ಲಿಯೂ ಅಷ್ಟೇ ಎಚ್ಚರ ಬೇಕು.

ಹೊಲ ಮಾರುವ ಮುನ್ನ

ಖರ್ಚು ಸಣ್ಣದಲ್ಲ. ಔಷಧಿ ಸೇರಿ ನಮಗೆ ಮೊದಲ ಸರ್ತಿಗೆ ಎರಡು ಲಕ್ಷದ ಮೇಲೆ ಹೋಯಿತು. ಆಯುಷ್ಮಾನ್ ಭಾರತ ಯೋಜನೆಯಲ್ಲಿ ಸಂತಾನ ಚಿಕಿತ್ಸೆ ಸೇರಿಲ್ಲ. ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಸೌಲಭ್ಯ ಬಂದಿದೆ. ಗೋವಾದಲ್ಲಿ ಬಾಂಬೋಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 2023ರಿಂದ ಉಚಿತವಾಗಿ ಶುರುವಾಯಿತು. ಅಣ್ಣ ಮೂರು ಎಕರೆ ತೊಗರಿಯ ಹೊಲ ಮಾರುತ್ತೇನೆಂದು ಹೊರಟಿದ್ದ. ನಾನು ತಡೆದು ಅಂಗಡಿಯಿಂದ ಕೈಗಡ ಕೊಟ್ಟೆ. ಎಷ್ಟು ಸಲ ಪ್ರಯತ್ನ, ಎಷ್ಟು ಹಣ ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳಬೇಕು. ಆಸೆ ಎಂಬುದು ಸಾಲದ ಬಡ್ಡಿಯಂತೆ, ನಿಲ್ಲುವ ಜಾಗ ಅದಕ್ಕೆ ಗೊತ್ತಿರುವುದಿಲ್ಲ.

ದವಾಖಾನೆಯ ಬೆಂಚಿನ ಮೇಲೆ ನಮ್ಮ ಪಕ್ಕ ಕೂಡುತ್ತಿದ್ದ ಜತ್ತ ಕಡೆಯ ದಂಪತಿಗಳು ಮೂರು ಸಲ ಪ್ರಯತ್ನಿಸಿ ಬರಿಗೈಯಲ್ಲಿ ಹೋದರು. ಕಡೆಯ ದಿನ ಆ ಮನುಷ್ಯ, "ಸಾಕ್ರಿ ಅಣ್ಣಾರ, ಸರ್ಕಾರದ ದತ್ತಕ ಪಟ್ಟಿಗೆ ಹೆಸರು ಹಚ್ಚೀವಿ" ಎಂದ. ಸೋತವನ ದನಿ ಅದಾಗಿರಲಿಲ್ಲ. ದತ್ತು ಪಡೆಯುವುದೂ ತಂದೆತಾಯಿ ಆಗುವ ಒಂದು ದಾರಿ.

ನಮ್ಮ ಮನೆಯಲ್ಲಿ 2022ರ ನವೆಂಬರಿನಲ್ಲಿ ಕಾಪಿಟ್ಟ ಎರಡರಲ್ಲಿ ಒಂದು ಭ್ರೂಣವನ್ನು ಬಿಟ್ಟರು. ಈ ಸಲ ಅಂಡಾಣು ಬಲಿಸುವ ಸೂಜಿಗಳಿಲ್ಲ, ಖರ್ಚೂ ಬಹಳ ಕಡಿಮೆ. ಹನ್ನೆರಡನೇ ದಿನದ ಕಾಗದ ಬೇರೆ ಮಾತು ಹೇಳಿತು. 2023ರ ಜುಲೈ ಕೊನೆಗೆ ಹೆಣ್ಣು ಮಗು ಹುಟ್ಟಿತು. "ಇಂಥ ಕೂಸು ಗಟ್ಟಿ ಇರ್ತಾವೇನು?" ಎಂದು ಕೇಳಿದವರಿದ್ದರು. ಜಗತ್ತಿನಲ್ಲಿ ಇಂಥ ಮಕ್ಕಳು ಒಂದು ಕೋಟಿಗೂ ಹೆಚ್ಚು ಹುಟ್ಟಿದ್ದಾರೆ. ಮೊದಲನೆಯವಳಾದ ಲೂಯಿಸ್ ಬ್ರೌನ್ 2006ರಲ್ಲಿ ಸಹಜವಾಗಿಯೇ ಬಸಿರಾಗಿ ತಾಯಿಯಾದರು. ನಮ್ಮ ಮೊಮ್ಮಗಳು ಈಗ ಅಂಗಡಿಗೆ ಬಂದರೆ ತಕ್ಕಡಿಯ ತಟ್ಟೆಯಿಂದ ಇಳಿಯುವುದಿಲ್ಲ.

ಮೊನ್ನೆ ಪೇಟೆಗೆ ಜೋಳ ತಂದ ರೈತರೊಬ್ಬರು ಮಾತಿನ ನಡುವೆ, ಮಗನಿಗೆ ಐದು ವರ್ಷವಾದರೂ ಮಕ್ಕಳಿಲ್ಲ, ಸೊಸೆಯನ್ನು ತವರಿಗೆ ಕಳಿಸಬೇಕೆಂದಿದ್ದೇವೆ ಎಂದರು. ನಾನು ಬಾಯಿ ತೆರೆಯುವ ಮೊದಲೇ ಚೀಲ ಎಣಿಸುತ್ತಿದ್ದ ಅಣ್ಣನ ಮಗ ಎದ್ದು ಬಂದು ಅವರ ಪಕ್ಕ ಕುಳಿತ.

"ಕಾಕಾರ, ಸೊಸೀನ್ನ ಕಳಸಬ್ಯಾಡ್ರಿ. ಮೊದಲು ಮಗನ್ನ ನನ್ನ ಸಂಗಾಟ ಸೊಲ್ಲಾಪುರಕ್ಕ ಕಳಸ್ರಿ. ಒಂದು ಮುಂಜಾನಿ ಕೆಲಸ ಅದ."